ಅಡಿಕೆ ಹಣದಲ್ಲಿ ಹೊಸ ಕನ್ಸೋಲೋ, ವಿಆರ್ ಹೆಡ್‌ಸೆಟ್ಟೋ, ಇರುವುದನ್ನೇ ಸರಿಮಾಡಿಸುವುದೋ?

ಮಂಡಗದ್ದೆಯ ಹಕ್ಕಿ

ಎಲ್ಲರಿಗೂ ನಮಸ್ಕಾರ. ರಾಶಿ ಅಡಿಕೆ ಮಂಡಿಗೆ ಹಾಕಿದ ಹಣ ಕೈಗೆ ಬಂದಿದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಕೂಲಿ, ಗೊಬ್ಬರದ ಅಂಗಡಿಯ ಬಾಕಿ, ಮಗಳ ಶಾಲೆಯ ಶುಲ್ಕ ಎಲ್ಲ ತೀರಿಸಿ ಎಂಬತ್ತು ಸಾವಿರ ರೂಪಾಯಿಯನ್ನು ಆಟದ ಸಾಮಾನಿಗೆಂದೇ ಎತ್ತಿಟ್ಟಿದ್ದೇನೆ. ಆಟಕ್ಕೆ ಇಷ್ಟು ದುಡ್ಡೇ ಎಂದು ಕೇಳುವವರಿಗೆ ಒಂದು ಮಾತು. ಮಳೆಗಾಲದ ನಾಲ್ಕು ತಿಂಗಳು ಸಂಜೆ ಆರರ ನಂತರ ನಮ್ಮ ಮನೆಯ ಮೂವರೂ ಒಂದೇ ಕೋಣೆಯಲ್ಲಿ ಕೂತು ನಗುವುದು ಟಿವಿಗೆ ಜೋಡಿಸಿ ಆಡುವ ಆ ಕನ್ಸೋಲ್ ಇರುವುದರಿಂದಲೇ. ನನಗೆ ಅದು ದಂಡದ ಖರ್ಚು ಎನಿಸುವುದಿಲ್ಲ.

ಈಗ ಇರುವುದು 2018ರಲ್ಲಿ ತಂದ ಪಿಎಸ್4 ಸ್ಲಿಮ್, ಎಂದರೆ ಸೋನಿಯ ಪ್ಲೇಸ್ಟೇಷನ್ 4ರ ಸಣ್ಣ ಮಾದರಿ. 500 ಜಿಬಿ ಹಾರ್ಡ್ ಡಿಸ್ಕ್ ತುಂಬಿ ತುಳುಕುತ್ತಿದೆ. ಹೊಸ ಆಟ ಹಾಕಬೇಕೆಂದರೆ ಹಳೆಯದೊಂದನ್ನು ಅಳಿಸಬೇಕು. ಗ್ರಾನ್ ಟುರಿಸ್ಮೊ 7 ಎಂಬ ಕಾರಿನ ಆಟದಲ್ಲಿ ಒಂದು ರೇಸ್ ತೆರೆದುಕೊಳ್ಳುವ ಹೊತ್ತಿಗೆ ಹೆಂಡತಿ ಒಳಗೆ ಹೋಗಿ ಚಹಾ ಸೋಸಿಕೊಂಡು ಬಂದಿರುತ್ತಾಳೆ. ಒಂದು ಕಂಟ್ರೋಲರ್‌ನ ಎಡಗಡೆಯ ಕಡ್ಡಿ (ಹೆಬ್ಬೆರಳಿನಿಂದ ಆಡಿಸುವ ಜಾಯ್‌ಸ್ಟಿಕ್) ಮುಟ್ಟದಿದ್ದರೂ ತಾನಾಗಿ ಎಡಕ್ಕೆ ಎಳೆಯುತ್ತದೆ.

ನನ್ನ ಮುಂದೆ ಮೂರು ದಾರಿಗಳಿವೆ. ಪಿಎಸ್5 ಕೊಳ್ಳುವುದು. ಹದಿನಾಲ್ಕರ ಮಗಳ ಆಸೆಯಂತೆ ವಿಆರ್ ಹೆಡ್‌ಸೆಟ್, ಎಂದರೆ ಕಣ್ಣಿಗೆ ಕಟ್ಟಿಕೊಂಡರೆ ಆಟದ ಒಳಗೇ ಇದ್ದಂತೆ ತೋರಿಸುವ ಸಾಧನ ತರುವುದು. ಅಥವಾ ಇದನ್ನೇ ಸರಿಮಾಡಿಸಿ ಇನ್ನೆರಡು ವರ್ಷ ತಳ್ಳುವುದು. ಊರು ತೀರ್ಥಹಳ್ಳಿ ಪೇಟೆಯಿಂದ ದೂರ, ಒಳಗೆ. ಕರೆಂಟಿನ ಕಥೆ ನಿಮಗೆಲ್ಲ ಗೊತ್ತೇ ಇದೆ.

ಉಕ್ಕಿನೂರಿನವನು, ಭದ್ರಾವತಿ

ಅಣ್ಣ, ಯೋಚಿಸಬೇಡಿ, ಪಿಎಸ್5 ತೆಗೆದುಕೊಳ್ಳಿ. 2021ರ ಫೆಬ್ರವರಿಯಲ್ಲಿ ಅದು ಭಾರತಕ್ಕೆ ಬಂದಾಗ ಆಟದ ಡಿಸ್ಕ್ ಹಾಕಬಹುದಾದ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ಆಗ ಎಲ್ಲಿ ಕೇಳಿದರೂ ಇಲ್ಲ ಎಂದರು. 2022ರ ನವೆಂಬರ್‌ನಲ್ಲಿ 54,990ಕ್ಕೆ ಏರಿದ ಮೇಲೆ ನನಗೆ ಸಿಕ್ಕಿತು. ಐದು ಸಾವಿರ ಹೆಚ್ಚು ಕೊಟ್ಟೆನಲ್ಲ ಎಂಬ ಬೇಸರ ಮೊದಲ ವಾರಕ್ಕೇ ಮರೆತುಹೋಯಿತು.

ನಿಮ್ಮ ಯಂತ್ರದ ಹಾರ್ಡ್ ಡಿಸ್ಕ್ ಎಷ್ಟೇ ತಿಣುಕಿದರೂ ಸೆಕೆಂಡಿಗೆ ನೂರು ಎಂಬಿಯ ಆಸುಪಾಸು ಓದುತ್ತದೆ. ಪಿಎಸ್5ರ ಒಳಗಿನ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಕಡತ ಇಡುವ ಡ್ರೈವ್) ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಅತ್ತಿಗೆ ಚಹಾ ಸೋಸಲು ಎದ್ದು ನಿಲ್ಲುವುದರೊಳಗೆ ರೇಸ್ ಶುರುವಾಗಿರುತ್ತದೆ. ಇನ್ನು ಚಿತ್ರದ ಓಟ. ಪಿಎಸ್4ರಲ್ಲಿ ಬಹಳಷ್ಟು ಆಟಗಳು ಸೆಕೆಂಡಿಗೆ 30 ಚೌಕಟ್ಟು ತೋರಿಸುತ್ತವೆ, ಎಂದರೆ ಒಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಆದರೆ ಅದು 17ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದು ಚಿಕ್ಕ ಸಂಖ್ಯೆ. ಗೋಲಿಗೆ ಚೆಂಡು ಒದೆಯುವಾಗ ಬೆರಳು ಮತ್ತು ಕಣ್ಣಿನ ನಡುವೆ ಇರುವ ತಡವೇ ಅದು. ಒಮ್ಮೆ ಅಭ್ಯಾಸವಾದ ಮೇಲೆ ಹಿಂದಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ನಿಮ್ಮ ಪಿಎಸ್4ರ ಡಿಸ್ಕ್‌ಗಳೂ ಅದರಲ್ಲಿ ಓಡುತ್ತವೆ. ಹಳೆಯ ಟಿವಿಯೂ ಸಾಕು. 4ಕೆಯಲ್ಲಿ 120 ಚೌಕಟ್ಟು ಬೇಕೆಂದರೆ ಮಾತ್ರ ಎಚ್‌ಡಿಎಂಐ 2.1 ಕೇಬಲ್ ಕಿಂಡಿ ಇರುವ ಟಿವಿ ಬೇಕು. ಅಂಗಡಿಯವರು ಕನ್ಸೋಲಿನ ಜೊತೆಗೆ ಟಿವಿಯನ್ನೂ ಹೊಂದಿಸಲು ನೋಡುತ್ತಾರೆ, ಒಪ್ಪಬೇಡಿ.

ದುರ್ಗಿಗುಡಿಯ ರಿಪೇರಿಯವನು

ಹದಿನೆಂಟು ವರ್ಷದಿಂದ ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಹೊಸದು ಕೊಳ್ಳುವ ಮೊದಲು ನನ್ನ ಮೇಜಿನ ಮೇಲೆ ಬರುವುದೇನು ಎಂದು ಒಮ್ಮೆ ಕೇಳಿ.

ಹೋದ ಆಷಾಢದಲ್ಲಿ ಆಗುಂಬೆ ಕಡೆಯಿಂದ ಒಂದು ಪಿಎಸ್4 ಬಂತು. ಆನ್ ಮಾಡಿದ ಹತ್ತು ನಿಮಿಷಕ್ಕೆ ಬಿಸಿಯಾಗಿ ಆರಿಹೋಗುತ್ತದೆ ಎಂದರು. ಮುಚ್ಚಳ ತೆಗೆದೆ. ಬಯಲುಸೀಮೆಯ ಯಂತ್ರದಲ್ಲಿ ಧೂಳು ಹತ್ತಿಯಂತೆ ಇರುತ್ತದೆ, ಬ್ರಷ್ ಆಡಿಸಿದರೆ ಉದುರುತ್ತದೆ. ಇದರಲ್ಲಿ ಧೂಳು ತೇವ ಕುಡಿದು ಕಲಸಿದ ಹಿಟ್ಟಿನಂತೆ, ಬಿಸಿ ಹೊರಹಾಕುವ ಹೀಟ್‌ಸಿಂಕಿನ ಎಸಳುಗಳ ನಡುವೆ ಗಟ್ಟಿಯಾಗಿ ಕೂತಿತ್ತು. ಮರದ ಕಡ್ಡಿಯಿಂದ ಒಂದೊಂದೇ ಸಂದು ಕೆರೆದು ತೆಗೆಯಬೇಕಾಯಿತು. ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಜಿರಳೆ ಮೊಟ್ಟೆಯ ಚೀಲಗಳು. ಮಳೆಗಾಲದಲ್ಲಿ ಮನೆಯೊಳಗೆ ಬೆಚ್ಚಗಿರುವ ಜಾಗಗಳೇ ಕಡಿಮೆ, ಪೂರ್ತಿ ಆರಿಸದೆ ರೆಸ್ಟ್ ಮೋಡಿನಲ್ಲಿ ಬಿಟ್ಟ ಕನ್ಸೋಲ್ ಅವುಗಳಿಗೆ ಒಲೆಯ ಪಕ್ಕದ ಗೂಡಿದ್ದಂತೆ. ಶುಚಿ ಮಾಡಿ ಥರ್ಮಲ್ ಪೇಸ್ಟ್ ಹಚ್ಚಿ ಕಳಿಸಿದೆ. ಇವತ್ತಿಗೂ ಓಡುತ್ತಿದೆ. ಅವರು ಹೊಸದು ಕೊಳ್ಳಲು ಸಾಲ ಮಾಡುವ ಮಾತಾಡುತ್ತಿದ್ದರು.

ಮಂಡಗದ್ದೆಯವರೇ, ನಿಮ್ಮ ಮೂರು ದೂರುಗಳಲ್ಲಿ ಎರಡಕ್ಕೆ ಪರಿಹಾರ ಅಗ್ಗದಲ್ಲಿದೆ. ಸ್ಲಿಮ್‌ನ ಹಿಂಬದಿಯ ಮೂಲೆಯ ಮುಚ್ಚಳ ಜಾರಿಸಿ ಒಂದು ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕಿನ ತಟ್ಟೆ ಕೈಗೆ ಬರುತ್ತದೆ. ಅದು ಲ್ಯಾಪ್‌ಟಾಪಿನಲ್ಲಿ ಇರುವಂತಹದೇ ಎರಡೂವರೆ ಇಂಚಿನದು. ಅಲ್ಲಿಗೆ ಒಂದು ಟಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಪೆನ್ ಡ್ರೈವಿನಿಂದ ಸಿಸ್ಟಂ ಸಾಫ್ಟ್‌ವೇರ್ ಏರಿಸಬೇಕು. ಮೊದಲು ಸೇವ್ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಮಗಳ ವರ್ಷಗಳ ಆಟ ಹೋಗುತ್ತದೆ. ಪಿಎಸ್5ರ ವೇಗ ಇದರಲ್ಲಿ ಬರುವುದಿಲ್ಲ. ನಾನು ಗಡಿಯಾರ ಹಿಡಿದು ನೋಡಿದ ಆಟಗಳಲ್ಲಿ ಕಾಯುವ ಸಮಯ ಮೂರರಲ್ಲಿ ಒಂದು ಪಾಲು ಇಳಿದಿದೆ.

ಕಡ್ಡಿ ತಾನಾಗಿ ಎಳೆಯುವುದಕ್ಕೆ ಕಾರಣ ಅದರ ಬುಡದಲ್ಲಿರುವ ಪೊಟೆನ್ಷಿಯೋಮೀಟರ್. ಕಾರ್ಬನ್ ಪಟ್ಟಿಯ ಮೇಲೆ ಲೋಹದ ಮುಳ್ಳು ಉಜ್ಜಿ ಉಜ್ಜಿ ಸವೆದಿದೆ. ಬೆಸುಗೆ ಬಿಡಿಸಿ ಬೇರೆ ಕಡ್ಡಿ ಕೂರಿಸಬಹುದು. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಕಡ್ಡಿ ಸಿಕ್ಕರೆ ಅದನ್ನೇ ಹಾಕಿಸಿ, ಅದರಲ್ಲಿ ಉಜ್ಜುವ ಭಾಗವೇ ಇಲ್ಲ.

ಹೊಸನಗರದ ಮೇಷ್ಟ್ರು

ವಿಆರ್ ಬಗ್ಗೆ ಎರಡು ಮಾತು ಹೇಳುತ್ತೇನೆ, ಮಗಳಿಗೆ ಬೇಸರವಾದರೂ ಪರವಾಗಿಲ್ಲ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಬಸ್ಸಿನ ಹಿಂದಿನ ಸೀಟಿನವರು ವಾಂತಿ ಮಾಡಿಕೊಳ್ಳುತ್ತಾರೆ, ಚಾಲಕನಿಗೆ ಏನೂ ಆಗುವುದಿಲ್ಲ. ಮುಂದಿನ ತಿರುವು ಯಾವ ಕಡೆಗೆಂದು ಅವನ ಕೈಗೆ ಮೊದಲೇ ಗೊತ್ತಿರುತ್ತದೆ. ಹಿಂದೆ ಕೂತವನ ಒಳಕಿವಿ ವಾಲುತ್ತಿದ್ದೇವೆ ಎನ್ನುತ್ತದೆ, ಮೊಬೈಲ್ ನೋಡುವ ಕಣ್ಣು ನಿಂತಿದ್ದೇವೆ ಎನ್ನುತ್ತದೆ. ವಿಆರ್‌ನಲ್ಲಿ ಇದು ತಿರುಗುಮುರುಗು. ಕಣ್ಣು ಓಡುತ್ತಿದ್ದೇವೆ ಎನ್ನುತ್ತದೆ, ಕುರ್ಚಿಯಲ್ಲಿ ಕೂತ ದೇಹದ ಒಳಕಿವಿ ಇಲ್ಲ ಎನ್ನುತ್ತದೆ. ಕಡ್ಡಿಯಿಂದ ನಡೆಸುವ ಆಟಗಳಲ್ಲಿ ಹೊಟ್ಟೆ ತೊಳೆಸುವುದು ಇದಕ್ಕೇ. ನಿಂತಲ್ಲೇ ನಿಂತು ಕೈಬೀಸಿ ಆಡುವ ಆಟಗಳಲ್ಲಿ ಅಷ್ಟು ತೊಂದರೆ ಇಲ್ಲ.

ಎರಡನೆಯದು ಇತಿಹಾಸ. ನಿಂಟೆಂಡೊ 1995ರಲ್ಲಿ ವರ್ಚುವಲ್ ಬಾಯ್ ಎಂಬುದನ್ನು ತಂದಿತ್ತು. ಕಪ್ಪಿನ ಮೇಲೆ ಕೆಂಪು ಬಣ್ಣ ಮಾತ್ರ. ವರ್ಷ ತುಂಬುವ ಮೊದಲೇ ನಿಲ್ಲಿಸಿಬಿಟ್ಟರು. 2014ರಲ್ಲಿ ಫೇಸ್‌ಬುಕ್ ಕಂಪನಿ ಆಕ್ಯುಲಸ್ ಅನ್ನು ಇನ್ನೂರು ಕೋಟಿ ಡಾಲರಿಗೆ ಕೊಂಡಿತು, ಇನ್ನೇನು ಮನೆಮನೆಗೂ ಬಂತು ಎಂದರು. 2016ರ ಪಿಎಸ್ ವಿಆರ್‌ಗೆ ಕೊಂಡ ಆಟಗಳು 2023ರ ಪಿಎಸ್ ವಿಆರ್2ರಲ್ಲಿ ಹಾಗೆಯೇ ನಡೆಯುವುದಿಲ್ಲ. ಆ ಎರಡನೆಯ ಹೆಡ್‌ಸೆಟ್ ಅಮೆರಿಕದಲ್ಲಿ ಬಂದಾಗ 550 ಡಾಲರ್, ಅದಕ್ಕೆ ಬೇಕಾದ ಪಿಎಸ್5 500 ಡಾಲರ್. ಎತ್ತಿಗಿಂತ ನೊಗದ ಬೆಲೆ ಹೆಚ್ಚು. ನಿಮ್ಮ ಎಂಬತ್ತು ಸಾವಿರದಲ್ಲಿ ಎರಡೂ ಒಟ್ಟಿಗೆ ಬರುವುದಿಲ್ಲ, ಹೆಡ್‌ಸೆಟ್ ಒಂದನ್ನೇ ತಂದರೆ ನಿಮ್ಮ ಪಿಎಸ್4ಗೆ ಅದು ಕೂಡುವುದಿಲ್ಲ.

ಸಾಗರದ ಸಂಪಿಗೆ

ಮೇಷ್ಟ್ರೇ, ನೀವು ಹೇಳಿದ್ದು ಸರಿ, ಆದರೂ ಪೂರ್ತಿ ಒಪ್ಪಲು ನನಗಾಗುವುದಿಲ್ಲ. ನಮ್ಮ ಮನೆಯಲ್ಲಿ ವಿಆರ್ ಇದೆ. ಕನ್ಸೋಲ್ ಬೇಡದ, ತನ್ನೊಳಗೇ ಪ್ರೊಸೆಸರ್ ಮತ್ತು ಬ್ಯಾಟರಿ ಇರುವ ಸ್ವತಂತ್ರ ಹೆಡ್‌ಸೆಟ್. ಚಾರ್ಜ್ ಸುಮಾರು ಎರಡು ಗಂಟೆ ಬರುತ್ತದೆ.

ಅಪ್ಪ ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನಲ್ಲಿ ಟೇಬಲ್ ಟೆನಿಸ್ ಆಡುತ್ತಿದ್ದವರು. ಮೂವತ್ತು ವರ್ಷದಿಂದ ಬ್ಯಾಟ್ ಹಿಡಿದಿರಲಿಲ್ಲ. ಜುಲೈ ತಿಂಗಳ ಒಂದು ಸಂಜೆ, ಹೊರಗೆ ಮಳೆ ಹೊಯ್ಯುತ್ತಿತ್ತು, ಪಡಸಾಲೆಯ ಬೆಂಚು ಸರಿಸಿ ಅವರ ತಲೆಗೆ ಹೆಡ್‌ಸೆಟ್ ಕಟ್ಟಿದೆ. ಮೊದಲ ಐದಾರು ಚೆಂಡು ತಪ್ಪಿದವು. ಆಮೇಲೆ ಮಣಿಕಟ್ಟು ತಾನಾಗಿ ತಿರುಗತೊಡಗಿತು. ಪಂಚೆ ಎತ್ತಿ ಕಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತಾ ನಲವತ್ತು ನಿಮಿಷ ಆಡಿದರು. ಆಟ ಮುಗಿದ ಮೇಲೆ ಸುಸ್ತಾಗಿ, ಎದುರಿಗೆ ಕಾಣುತ್ತಿದ್ದ ಮೇಜಿಗೆ ಕೈ ಊರಲು ಹೋದರು. ಮೇಜು ಎಲ್ಲಿದೆ? ಮುಗ್ಗರಿಸಿ ಕಂಬಕ್ಕೆ ಭುಜ ತಾಗಿಸಿಕೊಂಡರು. ಆ ದಿನದಿಂದ ಅವರು ಆಡುವಾಗ ಒಬ್ಬರು ಪಕ್ಕದಲ್ಲಿ ನಿಂತಿರುತ್ತೇವೆ. ಇಲ್ಲದ ಮೇಜನ್ನು ದೇಹ ನಂಬುವಷ್ಟು ನಿಜವಾಗಿತ್ತು ಎನ್ನುವುದು ನನಗೆ ಮರೆಯಲಾಗದ ಮಾತು. ಟಿವಿಯ ಮುಂದೆ, ಪರದೆ ಎಷ್ಟೇ ದೊಡ್ಡದಿದ್ದರೂ ಅದು ಆಗುವುದಿಲ್ಲ.

ಅಣ್ಣ, ಮಲೆನಾಡಿನ ಮನೆಯಲ್ಲಿ ವಿಆರ್ ಇಟ್ಟುಕೊಳ್ಳುವವರಿಗೆ ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ನಡೆದಾಡಿ ಆಡಲು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಾಗ ಬೇಕು. ಹಳೆಯ ಮನೆಯಲ್ಲಿ ಕಂಬಗಳ ನಡುವೆ ಅದನ್ನು ಹುಡುಕುವುದೇ ಕಷ್ಟ. ತಲೆಯ ಚಲನೆಯನ್ನು ಹೆಡ್‌ಸೆಟ್ಟಿನ ಕ್ಯಾಮೆರಾಗಳು ಕೋಣೆಯನ್ನು ನೋಡಿ ಲೆಕ್ಕ ಹಾಕುತ್ತವೆ. ಕರೆಂಟ್ ಹೋಗಿ ಕತ್ತಲಾದರೆ ಬ್ಯಾಟರಿ ಇದ್ದರೂ ಅದಕ್ಕೆ ದಿಕ್ಕು ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡದು ಇದು. ನಮ್ಮ ಮೊದಲ ಹೆಡ್‌ಸೆಟ್ಟಿನ ಪಟ್ಟಿಗೆ ಶ್ರಾವಣದಲ್ಲಿ ಬೂಷ್ಟು ಹಿಡಿಯಿತು. ಒಂದು ದಿನ ಬಿಸಿಲು ಬಿತ್ತು. ಅಮ್ಮ ಹಾಸಿಗೆ, ಕಂಬಳಿಗಳ ಜೊತೆಗೆ ಅದನ್ನೂ ಅಂಗಳದಲ್ಲಿ ಒಣಗಲು ಇಟ್ಟರು. ಒಣಗಿಸುವುದು ನಮ್ಮ ರಕ್ತದಲ್ಲಿಯೇ ಇದೆಯಲ್ಲ. ಲೆನ್ಸ್ ಬಿಸಿಲನ್ನು ಒಳಗಿನ ಪರದೆಯ ಮೇಲೆ ಒಟ್ಟುಗೂಡಿಸಿ, ಭೂತಗನ್ನಡಿ ಎಲೆಯನ್ನು ಸುಡುವಂತೆ ಸುಟ್ಟಿತು. ಈಗಲೂ ಹಾಕಿಕೊಂಡರೆ ಬಲಗಣ್ಣಿನ ಮೂಲೆಯಲ್ಲಿ ಹಳದಿ ಕಲೆಯೊಂದು ಕಾಣುತ್ತದೆ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ನನ್ನದು, ಹೇಳಿರಲಿಲ್ಲ. ದಯವಿಟ್ಟು ನೀವು ಮನೆಯವರಿಗೆಲ್ಲ ಹೇಳಿಡಿ. ಲೆನ್ಸ್ ಬಿಸಿಲನ್ನು ನೋಡಬಾರದು, ಕಿಟಕಿಯ ಪಕ್ಕವೂ ಬೇಡ. ಪಟ್ಟಿಯನ್ನು ಬಿಚ್ಚಿ ಅದೊಂದನ್ನೇ ಒಣಗಿಸಿ. ಹೆಡ್‌ಸೆಟ್ಟನ್ನು ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ.

ಉಕ್ಕಿನೂರಿನವನು, ಭದ್ರಾವತಿ

ಅಕ್ಕ, ಅಪ್ಪನವರ ವಿಷಯ ಓದಿ ಸಂತೋಷವಾಯಿತು. ಆದರೆ ವರ್ಷದಲ್ಲಿ ಎಷ್ಟು ದಿನ ಅದನ್ನು ತಲೆಗೆ ಕಟ್ಟುತ್ತೀರಿ? ನನ್ನ ಪಿಎಸ್5 ದಿನವೂ ಓಡುತ್ತದೆ.

ಸಾಗರದ ಸಂಪಿಗೆ

ವಾರಕ್ಕೆ ಎರಡು ಮೂರು ದಿನ, ಮಳೆಗಾಲದಲ್ಲಿ ಹೆಚ್ಚು. ಕೊಯ್ಲು ಶುರುವಾದ ಮೇಲೆ ಜನವರಿಯವರೆಗೆ ಯಾರೂ ಮುಟ್ಟುವುದಿಲ್ಲ. ದಿನದ ಲೆಕ್ಕದಲ್ಲಿ ನೀವೇ ಗೆದ್ದಿರಿ. ಅಪ್ಪನಿಗೆ ಅದು ವ್ಯಾಯಾಮವೂ ಆಗಿದೆ, ನಾನು ಆ ಲೆಕ್ಕ ಹಿಡಿಯುತ್ತೇನೆ.

ಹೊಸನಗರದ ಮೇಷ್ಟ್ರು

ಆಟದ ಡಿಸ್ಕಿನ ವಿಷಯವನ್ನು ಯಾರೂ ಸರಿಯಾಗಿ ಎತ್ತಲಿಲ್ಲ. ನನ್ನ ಪ್ರಕಾರ ಕನ್ಸೋಲಿನ ಬೆಲೆಯನ್ನು ತೀರ್ಮಾನಿಸುವುದು ಡಿಸ್ಕ್ ತೂರಿಸುವ ಆ ಸೀಳು.

ಈಗಿನ ದೊಡ್ಡ ಆಟ ನೂರು ಜಿಬಿ ಇರುತ್ತದೆ. ನಮ್ಮ ಕಡೆ ರಾತ್ರಿ ಹೊತ್ತು 10 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್) ಬಂದರೆ ಪುಣ್ಯ. ಅದೇ ವೇಗದಲ್ಲಿ ಒಂದೇ ಸಮನೆ ಇಳಿಸಿದರೂ ಇಪ್ಪತ್ತೆರಡು ಗಂಟೆ ಬೇಕು. ನಡುವೆ ಮರ ಬಿದ್ದು ತಂತಿ ಹರಿದರೆ ವಾರವಾದರೂ ಆಯಿತು. ಡಿಸ್ಕ್ ಇದ್ದರೆ ಇಳಿಸಬೇಕಾದದ್ದು ತಿದ್ದುಪಡಿಯ ಕಡತ ಮಾತ್ರ. ಆಡಿ ಮುಗಿದ ಮೇಲೆ ಮಾರಬಹುದು, ಬದಲಿಸಿಕೊಳ್ಳಬಹುದು, ತಮ್ಮನಿಗೆ ಕೊಡಬಹುದು. ಡಿಜಿಟಲ್ ಆಗಿ ಕೊಂಡ ಆಟವನ್ನು ಯಾರಿಗೂ ಮಾರಲಾಗುವುದಿಲ್ಲ.

ನಾವು ಹೊಸನಗರ, ರಿಪ್ಪನ್‌ಪೇಟೆ, ಸಾಗರದ ಏಳೆಂಟು ಜನ ಡಿಸ್ಕ್ ಹಂಚಿಕೊಳ್ಳುತ್ತೇವೆ. ಪ್ಯಾಕ್ ಮಾಡಿ, ಮೇಲೆ ಊರಿನ ಹೆಸರು ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇವೆ, ಆ ಊರಿನ ಗೆಳೆಯರು ಬಂದು ಇಳಿಸಿಕೊಳ್ಳುತ್ತಾರೆ. ಒಬ್ಬರು ಕೊಂಡ ಆಟವನ್ನು ವರ್ಷದಲ್ಲಿ ಎಂಟು ಮನೆಯವರು ಆಡುತ್ತಾರೆ. ಆದ್ದರಿಂದ ಪಿಎಸ್5 ಕೊಂಡರೆ ನಾಲ್ಕು ಕಾಸು ಹೆಚ್ಚಾದರೂ ಡಿಸ್ಕ್ ಇರುವುದನ್ನೇ ಕೊಳ್ಳಿ. 2023ರ ನಂತರದ ಸಣ್ಣ ಮಾದರಿಗೆ ಡ್ರೈವ್ ಆಮೇಲೆಯೂ ಜೋಡಿಸಬಹುದು, ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಬೇಕಾಗುತ್ತದೆ. ಅಂದ ಹಾಗೆ ನಿಮ್ಮ ಗ್ರಾನ್ ಟುರಿಸ್ಮೊ 7ಕ್ಕೆ ಡಿಸ್ಕ್ ಇದ್ದರೂ ಹೆಚ್ಚಿನ ಭಾಗ ನೆಟ್ ಇಲ್ಲದೆ ತೆರೆಯುವುದಿಲ್ಲ. ಅದೊಂದು ವಿಷಯದಲ್ಲಿ ನನಗೆ ತಯಾರಿಸಿದವರ ಮೇಲೆ ನಿಜಕ್ಕೂ ಸಿಟ್ಟಿದೆ.

ಕೊಪ್ಪದ ಕಾಫಿತೋಟ

ಭಾವ ಅಮೆರಿಕದಿಂದ ಬರುತ್ತಿದ್ದಾರೆ. ಪಿಎಸ್5 ಪ್ರೊ ತರಿಸಿಕೊಳ್ಳಬಹುದೇ? ಇಲ್ಲಿ ಯಾಕೆ ಬಿಡಲಿಲ್ಲ?

ದುರ್ಗಿಗುಡಿಯ ರಿಪೇರಿಯವನು

ಪ್ರೊ 2024ರ ನವೆಂಬರ್‌ನಲ್ಲಿ ಬಂತು. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಭಾರತದಲ್ಲಿ ಅನುಮತಿ ಇರಲಿಲ್ಲ, ಅದಕ್ಕೆ ಇಲ್ಲಿ ಬಿಡುಗಡೆ ಮಾಡಲಿಲ್ಲ. ಎರಡು ಟಿಬಿ ಜಾಗ, ಹೆಚ್ಚು ಬಲದ ಗ್ರಾಫಿಕ್ಸ್ ಎಲ್ಲ ನಿಜ. ಬಂದಾಗ ಬೆಲೆ ಅಲ್ಲಿಯೇ 700 ಡಾಲರ್ ಇತ್ತು, ಡಿಸ್ಕ್ ಡ್ರೈವ್ ಬೇರೆ. ಹಾಳಾದರೆ ವಾರಂಟಿಗೆ ಮತ್ತೆ ಭಾವನವರ ಸೂಟ್‌ಕೇಸೇ ಗತಿ. ಬೇಡ.

ಮೂಲ ಮಾತಿಗೆ ಬರುತ್ತೇನೆ. ಮಂಡಗದ್ದೆಯವರೇ, ನಿಮ್ಮ ಮನೆಯಲ್ಲಿರುವ ಇನ್ವರ್ಟರ್ ಯಾವುದು? ಒರಟು ಅಲೆಯ ಕರೆಂಟ್ ಕೊಡುವ ಸ್ಕ್ವೇರ್ ವೇವ್ ಆಗಿದ್ದರೆ ಅದನ್ನೇ ಮೊದಲು ಬದಲಿಸಿ. ಫ್ಯಾನ್ ಗುಂಯ್ ಎನ್ನುತ್ತಾ ತಿರುಗುತ್ತದೆಯಲ್ಲ, ಆ ಕರೆಂಟನ್ನೇ ಕನ್ಸೋಲಿನ ಪವರ್ ಸಪ್ಲೈ ಕೂಡ ತಿನ್ನುವುದು. ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ತನ್ನಿ, ಹಿಂದೆ ಇರುವ ಗುಂಡಿಯನ್ನು ಯುಪಿಎಸ್ ಮೋಡಿಗೆ ಇಡಿ. ಇಲ್ಲವಾದರೆ ಕರೆಂಟ್ ಬದಲಾಗುವ ಕಣ್ಣು ಮಿಟುಕಿನಲ್ಲಿ ಕನ್ಸೋಲ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆಟವನ್ನು ಉಳಿಸುತ್ತಿರುವಾಗ ಹಾಗಾದರೆ ಸೇವ್ ಕಡತಗಳೇ ಕೆಡಬಹುದು.

ಲೆಕ್ಕ ನೋಡಿ. ನೂರೈವತ್ತು ಆಂಪಿಯರ್ ಅವರಿನ ಹನ್ನೆರಡು ವೋಲ್ಟ್ ಬ್ಯಾಟರಿ ಕಾಗದದ ಮೇಲೆ 1,800 ವಾಟ್ ಅವರ್. ನಷ್ಟ, ಬ್ಯಾಟರಿಯ ವಯಸ್ಸು ಕಳೆದು ಸಾವಿರ ಕೈಗೆ ಸಿಕ್ಕಿತು ಎನ್ನಿ. ಪಿಎಸ್5 ದೊಡ್ಡ ಆಟ ಆಡುವಾಗ ಸುಮಾರು ಇನ್ನೂರು ವಾಟ್ ಎಳೆಯುತ್ತದೆ. ಟಿವಿಗೆ ಎಂಬತ್ತು ಸೇರಿಸಿದರೆ ಮೂರೂವರೆ ಗಂಟೆ. ನಿಮ್ಮ ಸ್ಲಿಮ್ ಎಳೆಯುವುದು ಅದರ ಅರ್ಧಕ್ಕಿಂತ ಕಡಿಮೆ, ಅದರಲ್ಲಿ ಆರು ಗಂಟೆಯ ಹತ್ತಿರ ಬರುತ್ತದೆ. ಮನೆಯ ದೀಪ, ರೂಟರ್ ಇದರಲ್ಲಿಯೇ ಆಗಬೇಕು. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಮುಳುಗಿಸಿಕೊಂಡು ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆಯಲ್ಲಿ ಈ ಲೆಕ್ಕ ಹಾಕಬೇಕಾಗಿ ಬಂದಿದೆ, ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಸಿಡಿಲಿನ ಬಗ್ಗೆ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಬಳಿ ಬರುವ ಕನ್ಸೋಲ್‌ಗಳಲ್ಲಿ ಎಚ್‌ಡಿಎಂಐ ಸುಟ್ಟವೇ ಹೆಚ್ಚು. ಜನ ಪ್ಲಗ್ ಕಿತ್ತಿರುತ್ತಾರೆ, ಡಿಶ್ಶಿನ ವೈರನ್ನು ಟಿವಿಗೆ ಹಾಗೆಯೇ ಬಿಟ್ಟಿರುತ್ತಾರೆ. ಸಿಡಿಲಿನ ಕರೆಂಟ್ ಡಿಶ್ಶಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಕೇಬಲ್ ಹಿಡಿದು ಕನ್ಸೋಲಿಗೆ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆಗೆ ಡಿಶ್, ಲ್ಯಾನ್, ಎಚ್‌ಡಿಎಂಐ ಮೂರನ್ನೂ ಕೀಳಿ.

ಇನ್ನೊಂದು. ಪಿಎಸ್5ರಲ್ಲಿ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಪೇಸ್ಟ್ ಬದಲು ದ್ರವ ಲೋಹ ಇದೆ. ಅದು ಬೋರ್ಡಿನ ಮೇಲೆ ಹರಿದರೆ ಶಾರ್ಟ್ ಆಗುತ್ತದೆ. ಎಸ್‌ಎಸ್‌ಡಿ ಜೋಡಿಸಲು ಹೊರ ಹೊದಿಕೆ ತೆಗೆಯುವುದನ್ನು ಯಾರು ಬೇಕಾದರೂ ಮಾಡಬಹುದು. ಅದಕ್ಕಿಂತ ಒಳಗೆ ಹೋಗಬೇಡಿ.

ಉಕ್ಕಿನೂರಿನವನು, ಭದ್ರಾವತಿ

ಇನ್ವರ್ಟರ್ ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ. ಊರೊಳಗೆ ಇದ್ದವನಿಗೆ ಅದು ತಲೆಗೆ ಬರುವುದಿಲ್ಲ. ಅಣ್ಣ, ನನ್ನ ಸಲಹೆ ಅದೇ, ಆದರೆ ಇನ್ವರ್ಟರ್ ಮೊದಲು, ಪಿಎಸ್5 ಆಮೇಲೆ.

ಮಂಡಗದ್ದೆಯ ಹಕ್ಕಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸಿ, ತೋಟದಲ್ಲಿ ಕೆಲಸವಿತ್ತು.

ದುರ್ಗಿಗುಡಿಗೆ ಹೋಗಿ ಕಂಟ್ರೋಲರ್‌ಗೆ ಹೊಸ ಕಡ್ಡಿ ಹಾಕಿಸಿದೆ, ಒಂದು ಟಿಬಿ ಎಸ್‌ಎಸ್‌ಡಿ ಕೂರಿಸಿಕೊಂಡೆ. ಅವರು ಯಂತ್ರವನ್ನು ಬಿಚ್ಚಿದಾಗ ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಫ್ಯಾನಿನ ಎಸಳುಗಳ ಮೇಲೆ ಒಲೆಯ ಹೊಗೆಯ ಕಪ್ಪು ಅಂಟಿತ್ತು. ನಮ್ಮ ಟಿವಿ ಕೋಣೆಯ ಗೋಡೆಯ ಆಚೆಗೇ ಅಡಿಕೆ ಬೇಯಿಸುವ ಒಲೆ ಇದೆ, ಏಳು ವರ್ಷದಲ್ಲಿ ಒಮ್ಮೆಯೂ ನನಗೆ ಇದು ಹೊಳೆದಿರಲಿಲ್ಲ. ಕನ್ಸೋಲನ್ನು ಈಗ ಜಗಲಿಯ ಕಡೆಯ ಕೋಣೆಗೆ ಸಾಗಿಸಿದ್ದೇವೆ. ಸೈನ್ ವೇವ್ ಇನ್ವರ್ಟರ್ ಮತ್ತು ಬ್ಯಾಟರಿ ಬಂದಿವೆ.

ಹೋದ ಭಾನುವಾರ ಮೂವರೂ ಸಾಗರಕ್ಕೆ ಹೋಗಿದ್ದೆವು. ಸಂಪಿಗೆಯವರ ಮನೆಯಲ್ಲಿ ಊಟ ಮಾಡಿ ವಿಆರ್ ಹಾಕಿಕೊಂಡು ನೋಡಿದೆವು. ಹೆಂಡತಿಗೆ ಕಾರಿನ ಆಟದಲ್ಲಿ ಆರೇ ನಿಮಿಷಕ್ಕೆ ತಲೆ ಸುತ್ತಿತು, ನಿಂಬೆಹಣ್ಣಿನ ಪಾನಕ ಕುಡಿದು ಕೂತಳು. ಟೇಬಲ್ ಟೆನಿಸ್ ಮಾತ್ರ ಅವಳಿಗೆ ಏನೂ ಮಾಡಲಿಲ್ಲ. ಮೇಷ್ಟ್ರು ಹೇಳಿದ್ದು ಅಕ್ಷರಶಃ ಸರಿ. ಮಗಳು ಸಂಪಿಗೆಯವರ ಅಪ್ಪನ ಜೊತೆ ಸರದಿಯ ಮೇಲೆ ಆಡಿದಳು, ಮನೆಗೆ ಬರಲು ಒಪ್ಪಲಿಲ್ಲ. ದಾರಿಯಲ್ಲಿ ಕೇಳಿದೆ, ಬೇಕೇ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯಲ್ಲಿ ಇದ್ದರೆ ನಾನು ಒಬ್ಬಳೇ ಆಡಬೇಕು ಅಪ್ಪ, ಅಮ್ಮ ಟಿವಿಯಲ್ಲಿ ನೋಡುತ್ತಾ ಕೂರಬೇಕು. ಡಿಸ್ಕ್ ಇರುವುದನ್ನೇ ತರೋಣ" ಎಂದಳು. ರಜೆಯಲ್ಲಿ ಸಾಗರಕ್ಕೆ ಹೋಗಿ ಆಡಿ ಬರುವ ಒಪ್ಪಂದ ಇಬ್ಬರ ನಡುವೆ ಆಗಿದೆ.

ಉಳಿದ ಹಣಕ್ಕೆ ಇನ್ನೊಂದಿಷ್ಟು ಸೇರಿಸಿ, ದೀಪಾವಳಿಯ ಹೊತ್ತಿಗೆ ಡಿಸ್ಕ್ ಇರುವ ಪಿಎಸ್5 ತರುತ್ತೇವೆ. ಹಳೆಯದು ಮಗಳ ಕೋಣೆಗೆ.

ಮೇಷ್ಟ್ರೇ, ನೀವು ಕಳಿಸಿದ ಎರಡು ಡಿಸ್ಕ್ ಆಡಿ ಮುಗಿಸಿದ್ದೇವೆ. ಬುಧವಾರ ಬೆಳಗಿನ ಬಸ್ಸಿಗೆ ಕೊಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಕಂಡಕ್ಟರ್ ಬಳಿ ನೀಲಿ ಚೀಲ ಎಂದು ಕೇಳಿ.